ಹಗ್ಗದೊಳಗಿನ ತೋಟ

ವಕೀಲ ರುದ್ರಮುನಿಯಪ್ಪನವರು ಮನೆ-ಕೈತೋಟದ ವಸ್ತುಪ್ರದರ್ಶನ ನೋಡಿ ಬಂದವರೇ ಅಲ್ಲಿನ ಮಾದರಿ ತೋಟದ ಫೋಟೋ ತೆರೆದು ಮಾಲಿಯ ಮುಂದೆ ಫೋನು ಹಿಡಿದರು.

"ನೋಡಯ್ಯ, ಎಂಥ ತೋಟ! ಒಂದು ತರಗೆಲೆ ಇಲ್ಲ. ನಮ್ಮಲ್ಲೂ ಥೇಟ್ ಹೀಗೇ ಆಗಬೇಕು. ಎಲೆ ಉದುರಿಸೋ ಆ ಹೊಂಗೆಮರ ಕಡಿದುಹಾಕು. ಆಗಲ್ಲ ಅಂದ್ರೆ ಬೇರೆ ಮಾಲಿ ನೋಡ್ಕೋತೀನಿ."

ಹನ್ನೆರಡು ವರ್ಷ ಆ ಮರದಡಿಯೇ ಬುತ್ತಿ ಬಿಚ್ಚಿದ್ದ ಮಾಲಿ ಒಮ್ಮೆ ಮರದತ್ತ ತಿರುಗಿ ನೋಡಿದ. ಆಮೇಲೆ ಫೋಟೋದ ಮೂಲೆ ಮೂಲೆಯನ್ನೂ ಹಿಗ್ಗಿಸಿ ನೋಡಿದ.

"ಆಗ್ಲಿ ಸಾಹೇಬ್ರೇ, ಥೇಟ್ ಹೀಗೇ. ಮರ ಕೊನೇಗೆ ಕಡೀತೀನಿ."

ಎರಡು ವಾರದಲ್ಲಿ ಹೊಸ ಹುಲ್ಲುಹಾಸು, ಬಿಳಿಕಲ್ಲು, ನಡುವೆ ಬೆತ್ತದ ಕುರ್ಚಿ ಸಿದ್ಧವಾದವು. ವಕೀಲರು ಕಾಫಿ ಲೋಟ ಹಿಡಿದು ಠೀವಿಯಿಂದ ಬಂದರೆ, ಸುತ್ತ ಕೆಂಪು ಹಗ್ಗ! ಅದಕ್ಕೊಂದು ಬೋರ್ಡು: 'ಒಳಗೆ ಕಾಲಿಡಬಾರದು. ಕುರ್ಚಿ ಮುಟ್ಟಬಾರದು.'

"ಏನಯ್ಯ ಇದು?"

"ಫೋಟೋದಲ್ಲಿ ಇರೋದೇ, ಸಾಹೇಬ್ರೇ. ಯಾರೂ ಕಾಲಿಡಲ್ಲ, ಅದಕ್ಕೇ ಅದು ಅಷ್ಟು ಚೆಂದ."

ಬೆಳಗಿನ ಒಂಬತ್ತಕ್ಕೇ ಬಿಸಿಲು ನೆತ್ತಿ ಸುಡುತ್ತಿತ್ತು. ವಕೀಲರು ಗೊಣಗುತ್ತಾ ಹೋಗಿ ಹೊಂಗೆಯ ಬುಡದ ಕಲ್ಲಿನ ಮೇಲೆ ಕೂತರು. ತಂಗಾಳಿ ಬೀಸಿತು. ಕಾಫಿ ಮುಗಿದರೂ ಏಳಲಿಲ್ಲ.

ಮಾಲಿ ಕೊಡಲಿ ಹಿಡಿದು ವಿನಯದಿಂದ ಬಂದು ನಿಂತ. "ಸಾಹೇಬ್ರು ಎದ್ದರೆ, ಮರ ಕಡೀತೀನಿ."

"ಮರ ಹಾಗಿರಲಿ," ಎನ್ನುತ್ತಾ ವಕೀಲರು ಕಾಂಡಕ್ಕೆ ಇನ್ನಷ್ಟು ಒರಗಿದರು. "ಮೊದಲು ಆ ಹಗ್ಗ ಕಡಿ!"