ಜೊತೆಗಲ್ಲು

“ಅವ್ವ, ಆ ಪರೀಕ್ಷೆ ಮಾಡಿಸಲೋ, ಬಿಡಲೋ?”

ಹೀಗೆ ಕೇಳಿದವಳು ವನಜಾಕ್ಷಿ. ಕೇಳಿದ್ದು ತನ್ನ ಗುರು ಚಿಕ್ಕತಾಯಮ್ಮನನ್ನು. ಚಿಕ್ಕತಾಯಮ್ಮ ಅಕ್ಷರ ಕಲಿತವಳಲ್ಲ. ಆದರೂ ದಾರಿ ಕಾಣದವರು ಅವಳ ಜಗಲಿ ಹುಡುಕಿಕೊಂಡು ಬರುತ್ತಿದ್ದರು. ವನಜಾಕ್ಷಿ ಮದುವೆಗೆ ಮುಂಚಿನಿಂದಲೂ ಅವಳ ಶಿಷ್ಯೆ.

ವನಜಾಕ್ಷಿಗೆ ವಯಸ್ಸು ನಲವತ್ತರ ಹತ್ತಿರ. ಹಿಂದೆ ಎರಡು ಸಲ ಬಸುರಾಗಿದ್ದಳು, ಎರಡು ಸಲವೂ ನಿಂತಿರಲಿಲ್ಲ. ಈಗ ಮತ್ತೆ ಮೂರು ತಿಂಗಳು ತುಂಬುತ್ತಿತ್ತು. ಡಾಕ್ಟರಮ್ಮ ಒಂದು ಮಾತು ಹೇಳಿದ್ದರು. ರಕ್ತ ತೆಗೆದು, ಸ್ಕ್ಯಾನ್ ಮಾಡಿ, ಮಗುವಿಗೆ ಹುಟ್ಟಿನಿಂದಲೇ ಬರುವ ಕೆಲವು ತೊಂದರೆಗಳ ಸಂಭವ ಎಷ್ಟು ಎಂದು ನೋಡಬಹುದಂತೆ. ಹೆಣ್ಣೋ ಗಂಡೋ ಎಂದು ನೋಡುವುದಲ್ಲ ಅದು. ಮಾಡಿಸಲೇಬೇಕೆಂಬ ಕಡ್ಡಾಯವೂ ಇಲ್ಲ. “ಮಾಡಿಸೋದು ಬಿಡೋದು ನಿಮ್ಮಿಷ್ಟ. ಯೋಚನೆ ಮಾಡಿ ಈ ವಾರದೊಳಗೆ ಬಂದು ಹೇಳಿ,” ಎಂದಿದ್ದರು.

“ಮನೆಯಲ್ಲಿ ಏನಂತಾರೆ?” ಎಂದು ಚಿಕ್ಕತಾಯಮ್ಮ ಕೇಳಿದಳು.

“ಅತ್ತೆ ಬೇಡ ಅಂತಾರೆ. ನಾದಿನಿ ಮಾಡಿಸಲೇಬೇಕು ಅಂತಾಳೆ. ಇಬ್ಬರೂ ಜಗಳ ಆಡ್ತಾರೆ, ಊಟ ಮಾಡ್ತಾರೆ, ಮಲಗಿಬಿಡ್ತಾರೆ. ನಿದ್ದೆ ಬರದೆ ಇರೋಳು ನಾನೊಬ್ಬಳೇ.”

“ನಿನ್ನ ಗಂಡ?”

ಗಂಡ ಯೋಗಾನಂದ ಜಗಲಿಯ ಆ ತುದಿಯಲ್ಲಿ ಕಂಬಕ್ಕೆ ಒರಗಿ ಕೂತಿದ್ದ. ಒಳ್ಳೆಯ ಮನುಷ್ಯ. ಗುಂಡಿ ಕಂಡಲ್ಲೆಲ್ಲ ಬೈಕು ನಿಧಾನ ಮಾಡಿ ಹೆಂಡತಿಯನ್ನು ಜೋಪಾನವಾಗಿ ಕರೆತಂದಿದ್ದ. ಅವನೇ ಉತ್ತರ ಕೊಟ್ಟ.

“ನಾನು ಯಾವುದಕ್ಕೂ ಬಲವಂತ ಮಾಡಲ್ಲ ಅವ್ವ. ಅವಳಿಗೆ ಹೇಗೆ ತೋಚುತ್ತೋ ಹಾಗೆ. ಇದರಲ್ಲಿ ನಾನು ಬಾಯಿ ಹಾಕಬಾರದು.”

ವನಜಾಕ್ಷಿ ತಲೆ ತಗ್ಗಿಸಿದಳು. ಚಿಕ್ಕತಾಯಮ್ಮ ನೆನೆಹಾಕಿದ ಅವರೆಕಾಳು ಹಿದುಕುತ್ತಾ ಕೂತಿದ್ದಳು. ಪಾತ್ರೆಯನ್ನು ಅವಳ ಮುಂದೆ ಸರಿಸಿದಳು.

“ಕೈ ಸುಮ್ಮನೆ ಇದ್ದರೆ ಮನಸ್ಸು ಜಾಸ್ತಿ ಅಲೆಯುತ್ತೆ ಕಣವ್ವ. ಹಿದುಕುತ್ತಾ ಕೇಳು,” ಎಂದು ಈ ಕತೆ ಹೇಳಿದಳು.

ಒಂದು ಹೊಳೆ ಇತ್ತು. ಅದಕ್ಕೆ ಸೇತುವೆ ಇರಲಿಲ್ಲ. ದಾಟುವವರು ಹರಿಗೋಲಿನಲ್ಲೇ ದಾಟಬೇಕು. ಹರಿಗೋಲು ಅಂದರೆ ಏನು, ಬಿದಿರಿನ ದೊಡ್ಡ ಬುಟ್ಟಿ. ದುಂಡಗೆ ಇರೋದರಿಂದ ಅದಕ್ಕೆ ಹಿಂದೂ ಇಲ್ಲ, ಮುಂದೂ ಇಲ್ಲ. ಭಾರ ಒಂದೇ ಪಕ್ಕಕ್ಕೆ ಬಿದ್ದರೆ ವಾಲಿಕೊಂಡು ಗಿರಗಿರ ತಿರುಗುತ್ತೆ. ಅದಕ್ಕೇ ಆ ದಡದಲ್ಲಿ ಒಂದು ಪದ್ಧತಿ ಇತ್ತು. ಇಬ್ಬರು ಬಂದರೆ ಅಂಬಿಗ ಅವರನ್ನು ಎದುರುಬದುರು ಕೂರಿಸುತ್ತಿದ್ದ. ಒಬ್ಬರೇ ಬಂದರೆ ಎದುರಿಗೆ ಒಂದು ಕಲ್ಲು ಇಡುತ್ತಿದ್ದ. ಅದಕ್ಕೆ ಜೊತೆಗಲ್ಲು ಅಂತ ಹೆಸರು. ದೊಡ್ಡದು, ಚಿಕ್ಕದು, ಎಲ್ಲ ತೂಕದ ಕಲ್ಲುಗಳೂ ದಡದ ಮೇಲೆ ಬಿದ್ದಿದ್ದವು.

ಇನ್ನೂ ಒಂದು ಪದ್ಧತಿ ಇತ್ತು. ಹೊಳೆ ಕೆಂಪಗೆ ತುಂಬಿ ಹರಿಯುವ ಕಾಲದಲ್ಲಿ ಅಂಬಿಗ ಬಂದವರನ್ನೆಲ್ಲ ಕೇಳುತ್ತಿದ್ದ: “ಗಣೆ ಇಳಿಸಿ ನೋಡಲೋ, ಹಾಗೇ ಹೋಗೋಣವೋ?” ಗಣೆ ಅಂದರೆ ತುದಿಗೆ ಬಟ್ಟೆ ಕಟ್ಟಿದ ಉದ್ದನೆಯ ಬಿದಿರು. ಅದನ್ನು ದಡದ ಹತ್ತಿರ ನೀರಿಗೆ ಇಳಿಸಿ ಎತ್ತುತ್ತಿದ್ದ. ಬಟ್ಟೆ ಸುತ್ತಿಕೊಂಡು ಬಂದರೆ ಮುಂದೆ ನಡುಹೊಳೆಯಲ್ಲಿ ಸುಳಿ ಇರಬಹುದು. ನೆಟ್ಟಗೆ ಬಂದರೆ ಬಹುಶಃ ಇರಲಾರದು. ಅದಕ್ಕಿಂತ ಹೆಚ್ಚಿಗೆ ಗಣೆ ಹೇಳುತ್ತಿರಲಿಲ್ಲ. ಇನ್ನೂ ಗಟ್ಟಿಯಾಗಿ ತಿಳಿಯಬೇಕು ಅಂದರೆ ನಡುಹೊಳೆಯ ಹತ್ತಿರ ಹೋಗಿ ಹಗ್ಗಕ್ಕೆ ಗುಂಡು ಕಟ್ಟಿ ಇಳಿಸಬೇಕು. ಆಗ ಹರಿಗೋಲು ಒಂದಿಷ್ಟು ಅಲುಗುತ್ತೆ. ಅದಕ್ಕೆ ಒಪ್ಪುವವರು ಒಪ್ಪುತ್ತಿದ್ದರು. ಒಪ್ಪದವರು ಬೇಡ ಅನ್ನುತ್ತಿದ್ದರು. ಅಂಬಿಗ ಯಾರನ್ನೂ ಹೊಗಳುತ್ತಿರಲಿಲ್ಲ, ಯಾರನ್ನೂ ಬೈಯುತ್ತಿರಲಿಲ್ಲ.

ಒಂದು ದಿನ ಒಬ್ಬ ಹೆಂಗಸು ದಡಕ್ಕೆ ಬಂದಳು. ಅವಳನ್ನು ಕಳಿಸಿಕೊಡಲು ಗಂಡ ಬಂದಿದ್ದ. ಆಚೆ ದಡ ಸೇರಬೇಕು ಅನ್ನೋದು ಅವಳ ಬಹಳ ವರ್ಷದ ಆಸೆ. ಹಿಂದೆ ಎರಡು ಸಲ ಹೊರಟು, ಎರಡು ಸಲವೂ ನಡುವಿನಿಂದಲೇ ಹಿಂದಿರುಗಿದ್ದಳು. ಹಾಗೆ ಹಿಂದಿರುಗಿದವರ ಮುಖ ಹೇಗಿರುತ್ತೆ ಅಂತ ನಾನು ನಿನಗೆ ಹೇಳಬೇಕಾಗಿಲ್ಲ.

ಅಂಬಿಗ ಕೇಳಿದ: “ಗಣೆ ಇಳಿಸಲೋ ತಾಯಿ, ಹಾಗೇ ಹೋಗೋಣವೋ?”

ಅವಳು ಬಾಯಿ ತೆರೆಯುವ ಮುಂಚೆಯೇ ದಡದಲ್ಲಿದ್ದವರು ಬಾಯಿ ತೆರೆದರು.

ಅಲ್ಲಿ ಒಬ್ಬ ವ್ಯಾಪಾರಿ ಇದ್ದ. “ಇದೇನು ಕೇಳೋ ಮಾತಾ? ನಾನು ಒಂದು ಬದನೆಕಾಯಿ ಕೊಂಡರೂ ತಿರುಗಿಸಿ ಹುಳ ಇದೆಯಾ ನೋಡ್ತೀನಿ. ನೋಡದೆ ಹೋಗೋಳು ದಡ್ಡಿ. ಇಳಿಸಪ್ಪ ಗಣೇನ!” ಅಂದ.

ಅಲ್ಲಿ ಒಬ್ಬ ಮುದುಕಿ ಇದ್ದಳು. “ಹೊಳೆ ಅಂದರೆ ಬದನೆಕಾಯಾ ನಿನಗೆ? ನಾನು ಏಳು ಸಲ ದಾಟಿದೀನಿ. ಒಂದು ಸಲವೂ ಗಣೆ ಇಳಿಸಲಿಲ್ಲ. ಗಂಗಮ್ಮನ ಮೇಲೆ ಅನುಮಾನ ಪಟ್ಟು ಹೊರಟರೆ ಅವಳು ಸುಮ್ಮನೆ ಬಿಡ್ತಾಳಾ?” ಅಂದಳು.

“ಏಳು ಸಲವೂ ಸುಖವಾಗಿ ದಾಟಿದಿರಾ ಅಜ್ಜಿ?” ಅಂತ ಆ ಹೆಂಗಸು ಕೇಳಿದಳು.

“ನಾಲ್ಕು ಸಲ,” ಅಂದಳು ಮುದುಕಿ.

“ಉಳಿದ ಸಲ?”

ಮುದುಕಿ ಸೊಂಟದ ಚೀಲ ಬಿಚ್ಚಿ ಎಲೆ ಅಡಿಕೆ ಹುಡುಕತೊಡಗಿದಳು. ಬಹಳ ಹೊತ್ತು ಹುಡುಕಿದಳು. ಸಿಗಲಿಲ್ಲವೋ ಏನೋ, ಬರಿ ಚೀಲ ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ವ್ಯಾಪಾರಿ ಮತ್ತೆ ಶುರು ಮಾಡಿದ. ಮುದುಕಿಯೂ ಬಿಡಲಿಲ್ಲ. ಒಬ್ಬ ರೈತ ದನಕ್ಕೆ ನೀರು ಕುಡಿಸಲು ಬಂದವನು, ಅವನೂ ಸೇರಿಕೊಂಡ. ಗಣೆ ಒಳ್ಳೆಯದೋ ಕೆಟ್ಟದ್ದೋ ಅಂತ ಅವರವರಲ್ಲೇ ಜಗಳ ಏರಿತು. ಆ ಹೆಂಗಸು ಅವರ ನಡುವೆ ನಿಂತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಯಾರೂ ಅವಳ ಕಡೆ ನೋಡುತ್ತಿರಲಿಲ್ಲ.

ನೋಡುತ್ತಿದ್ದವನು ಅಂಬಿಗ ಒಬ್ಬನೇ. ಅವನು ಅವಳ ಹತ್ತಿರ ಬಂದು ಮೆಲ್ಲಗೆ ಮಾತಾಡಿಸಿದ.

“ಅವರದ್ದು ಬಿಡು ತಾಯಿ. ಬಟ್ಟೆ ಸುತ್ತಿಕೊಂಡು ಬಂತು ಅಂತ ಇಟ್ಟುಕೋ. ಆಗ ನೀನೇನು ಮಾಡ್ತೀಯ?”

“ಬೇರೆಯವರು ಏನು ಮಾಡ್ತಾರಪ್ಪ?”

“ಒಬ್ಬೊಬ್ಬರು ಒಂದೊಂದು ಥರ. ಸುಳಿ ಇರಬಹುದು ಅಂತ ತಿಳಿದ ಮೇಲೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಆಚೆ ದಡಕ್ಕೆ ಹೇಳಿ ಕಳಿಸಿ, ಧೈರ್ಯವಾಗಿ ಹೋದವರು ಇದ್ದಾರೆ. ಈ ಸಲ ಬೇಡ ಅಂತ ಅಳುತ್ತಾ ಮನೆಗೆ ಹೋದವರೂ ಇದ್ದಾರೆ. ಅವರು ಹೆದರುಪುಕ್ಕಲರು ಅಂತ ನಾನು ಹೇಳಲ್ಲ. ದಾರಿಯುದ್ದಕ್ಕೂ ನಡುಗಿಕೊಂಡು ಹೋಗಿ, ಕೊನೆಗೆ ಸುಳಿಯೇ ಇಲ್ಲದೆ ದಾಟಿದವರೂ ಇದ್ದಾರೆ. ಏನು ಬಂದರೂ ನಾನು ಹೋಗೋದೇ, ಮತ್ತೆ ನೋಡಿ ಏನು ಮಾಡಲಿ ಅಂತ ಗಣೆ ಬೇಡ ಅಂದವರನ್ನೂ ಕೂರಿಸಿಕೊಂಡು ಹೋಗಿದೀನಿ.”

“ಯಾರು ಮಾಡಿದ್ದು ಸರಿ?”

“ನಾನು ಹುಟ್ಟು ಹಾಕೋನು ತಾಯಿ. ಅದು ನನಗೆ ಗೊತ್ತಾಗಲ್ಲ.”

ಅವಳು ಹೊಳೆ ನೋಡಿದಳು. ಆಮೇಲೆ ಹೇಳಿದಳು: “ನೋಡೋದಕ್ಕೂ ಭಯ ಆಗುತ್ತೆ. ನೋಡದೆ ಇರೋದಕ್ಕೂ ಭಯ ಆಗುತ್ತೆ. ಆದರೆ ಅದಲ್ಲ. ಬಟ್ಟೆ ಮೇಲೆ ಬಂದಾಗ ಅದನ್ನು ನೋಡೋ ಕಣ್ಣು ನನ್ನವು ಎರಡೇ ಆಗಿರ್ತವಲ್ಲ, ಅದೇ ದೊಡ್ಡ ಭಯ.”

ಕತೆ ಇಲ್ಲಿಗೆ ಬಂದಾಗ ವನಜಾಕ್ಷಿಯ ಕೈ ನಿಂತುಹೋಯಿತು. “ಅವಳು ಗಂಡನನ್ನು ಕರೆಯಬಾರದಿತ್ತಾ ಅವ್ವ?” ಎಂದಳು.

“ಕರೆಯಲಿಲ್ಲ ಅಂತ ಯಾರು ಹೇಳಿದರು?” ಎಂದು ಚಿಕ್ಕತಾಯಮ್ಮ ಕತೆ ಮುಂದುವರಿಸಿದಳು.

ಕರೆದಳು. ಆದರೆ ಬನ್ನಿ ಅನ್ನೋ ಮಾತು ಬಾಯಿಗೆ ಬರಲಿಲ್ಲ. ಬಾಯಿ ಬಿಟ್ಟು ಕೇಳಿ, ಅವನು ಇಲ್ಲ ಅಂದರೆ? ಅದಕ್ಕೆ ಸುತ್ತಿ ಬಳಸಿ ಕೇಳಿದಳು. “ಆಚೆ ದಡ ನೀವೂ ನೋಡಿಲ್ಲ ಅಲ್ವಾ?” ಅಂದಳು.

“ಇಲ್ಲ,” ಅಂದ ಗಂಡ. “ನೀನು ಹೋಗಿ ನೋಡಿ ಬಾ. ಆಮೇಲೆ ಹೇಳುವೆಯಂತೆ.”

“ನಿಮಗೆ ಏನನ್ನಿಸುತ್ತೆ? ಗಣೆ ಇಳಿಸೋದಾ, ಬೇಡವಾ?”

“ನಾನು ಹೇಳಿದರೆ ನಿನ್ನ ಮೇಲೆ ಹೇರಿದ ಹಾಗಾಗುತ್ತೆ. ಹೋಗೋಳು ನೀನು. ನಿನ್ನಿಷ್ಟ.”

ಅವನು ಕೆಟ್ಟವನಲ್ಲ ಕಣವ್ವ. ಆ ದಡದಲ್ಲಿ ಅವಳ ಮೇಲೆ ಅವನಷ್ಟು ಪ್ರೀತಿ ಇದ್ದವರು ಯಾರೂ ಇರಲಿಲ್ಲ. ನಿನ್ನಿಷ್ಟ ಅನ್ನೋದು ಹೆಂಡತಿಗೆ ಕೊಡೋ ಮರ್ಯಾದೆ ಅಂತಲೇ ಅವನು ತಿಳಿದಿದ್ದ. ನೀರು ಕಂಡರೆ ಅವನಿಗೂ ಎದೆ ಹೊಡೆದುಕೊಳ್ಳುತ್ತಿತ್ತು. ಅದನ್ನು ಮಾತ್ರ ಅವನು ಹೇಳಲಿಲ್ಲ. ಹೇಳಿದ್ದರೆ ಅವಳಿಗೆ ಅಷ್ಟಾದರೂ ಜೊತೆ ಸಿಗುತ್ತಿತ್ತು.

ಅಂಬಿಗ ಹರಿಗೋಲು ದಡಕ್ಕೆ ಎಳೆದ. “ನಾನು ನಿಂತು ಹುಟ್ಟು ಹಾಕೋದು ನಡುವಿನಿಂದ ಒಂದು ಚೂರು ಈ ತಾಯಿ ಕೂರೋ ಕಡೆಗೆ. ಅದಕ್ಕೇ ಎದುರಿಗೆ ಇವರಿಗಿಂತ ಒಂದಿಷ್ಟು ಹೆಚ್ಚಿನ ಭಾರ ಬೇಕು. ಒಬ್ಬ ಗಂಡಾಳಿನ ತೂಕ ಆದರೆ ಸರಿಹೋಗುತ್ತೆ,” ಅಂದ.

ಹೇಳಿ ಗಂಡನ ಮುಖ ನೋಡಿದ. ಹೆಂಡತಿಯೂ ನೋಡಿದಳು.

ಗಂಡ ಕಲ್ಲುಗಳ ಕಡೆ ನೋಡಿದ.

“ತಡಿ, ಒಳ್ಳೇದೊಂದು ಹುಡುಕ್ತೀನಿ,” ಅಂದ. ಚೂಪು ಇದ್ದ ಕಲ್ಲು ಬಿಟ್ಟ, ಅವಳ ಕಾಲಿಗೆ ತರಚೀತು ಅಂತ. ಪಾಚಿ ಕಟ್ಟಿದ ಕಲ್ಲು ಬಿಟ್ಟ, ಜಾರೀತು ಅಂತ. ಹುಡುಕಿ ಹುಡುಕಿ ನುಣ್ಣಗಿದ್ದ ಒಂದನ್ನು ಆರಿಸಿದ. ಅದು ಒಬ್ಬನ ಕೈಲಿ ಅಲ್ಲಾಡುತ್ತಿರಲಿಲ್ಲ. ಆಗ ನೋಡು, ಇಷ್ಟು ಹೊತ್ತು ಜಗಳ ಆಡುತ್ತಿದ್ದ ವ್ಯಾಪಾರಿ ಓಡಿ ಬಂದ. ರೈತ ದನ ಬಿಟ್ಟು ಬಂದ. ಮುದುಕಿ ಕೂಡ ಸೆರಗು ಬಿಗಿದು “ಹಾಂ, ಹೂಂ, ಒತ್ತಿ, ಒತ್ತಿ!” ಅಂತ ಹುರುಪು ಕೊಟ್ಟಳು. ಗಣೆಯ ವಿಷಯದಲ್ಲಿ ಹೊಂದದವರೆಲ್ಲ ಕಲ್ಲು ಉರುಳಿಸುವಾಗ ಹೊಂದಿಕೊಂಡರು. ಕಲ್ಲು ಹರಿಗೋಲಿಗೆ ಏರಿತು. ಗಂಡ ಹೆಗಲ ಮೇಲಿನ ವಲ್ಲಿಯಿಂದ ಅದರ ಮಣ್ಣು ಒರೆಸಿದ. ಆಮೇಲೆ ಹೆಂಡತಿಯ ಕೈ ಹಿಡಿದು ಮೆಲ್ಲಗೆ ಎದುರಿಗೆ ಕೂರಿಸಿದ.

“ಇನ್ನು ಹರಿಗೋಲು ತಿರುಗಲ್ಲ. ನೀನೇನೂ ಹೆದರಬೇಡ,” ಅಂದ.

ಅವಳು ತಲೆಯಾಡಿಸಿದಳು. ಅವನು ದಡದ ಮೇಲೆ ಹೋಗಿ ನಿಂತ. ಉಳಿದವರು ಕೈ ಕೊಡವಿಕೊಂಡರು. ದೊಡ್ಡ ಕೆಲಸ ಮುಗಿಸಿದವರ ಹಾಗೆ ಎಲ್ಲರ ಮುಖದಲ್ಲೂ ಸಮಾಧಾನ ಇತ್ತು.

ಅಂಬಿಗ ಒಂದು ಕೈಲಿ ಹುಟ್ಟು ಹಿಡಿದ, ಒಂದು ಕೈಲಿ ಗಣೆ ಹಿಡಿದ. “ಈಗ ಹೇಳು ತಾಯಿ. ಇಳಿಸಲೋ, ಹಾಗೇ ಹೋಗೋಣವೋ?”

ಯಾವ ಮಾತನ್ನಾದರೂ ಹೇಳುವ ಮುಂಚೆ ನಾವು ಒಂದು ಮುಖ ನೋಡ್ತೀವಿ. ಬೇರೆಯವರು ಹೇಳಿಕೊಡಲಿ ಅಂತಲ್ಲ. ನಾನು ಹೇಳೋದನ್ನು ಇನ್ನೊಬ್ಬರು ಕೇಳ್ತಾ ಇದಾರೆ ಅಂತ ಗೊತ್ತಾಗಲಿ ಅಂತ. ಅವಳೂ ಹಾಗೇ ತಲೆ ಎತ್ತಿದಳು. ಎದುರಿಗೆ ಕಲ್ಲು ಇತ್ತು. ನುಣ್ಣಗೆ ಇತ್ತು, ಚೊಕ್ಕವಾಗಿತ್ತು.

ಚಿಕ್ಕತಾಯಮ್ಮ ಇಷ್ಟು ಹೇಳಿ ನಿಲ್ಲಿಸಿದಳು. ಅವರೆಕಾಳಿನ ಸಿಪ್ಪೆಯನ್ನು ಒಂದು ಕಡೆ ಗುಡ್ಡೆ ಮಾಡಿದಳು. ವನಜಾಕ್ಷಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಮುಂದೇನಾಯಿತು ಎಂದು ಕೇಳಿದವನು ಜಗಲಿಯ ಆ ತುದಿಯಲ್ಲಿದ್ದ ಯೋಗಾನಂದ. ಯಾವಾಗಲೋ ಕಂಬ ಬಿಟ್ಟು ನೆಟ್ಟಗೆ ಕೂತಿದ್ದ.

“ಕೊನೆಗೆ ಅವಳು ಗಣೆ ಇಳಿಸು ಅಂದಳಾ, ಬೇಡ ಅಂದಳಾ ಅವ್ವ?”

ಚಿಕ್ಕತಾಯಮ್ಮ ಅವನ ಕಡೆ ತಿರುಗಿದಳು.

“ಅದು ನನಗೆ ತಿಳಿಯದಪ್ಪ, ಆ ಕಲ್ಲು ಮಾತ್ರ ಸರಿಯಾಗಿ ಅವಳ ಗಂಡನಷ್ಟೇ ತೂಕ ಇತ್ತು.”