ಹುಬ್ಬಳ್ಳಿಗೆ ಎರಡು ಟಿಕೆಟ್

ಗದಗಿನಿಂದ ಹುಬ್ಬಳ್ಳಿಗೆ ಓಡುವ ಬಸ್ಸಿನಲ್ಲಿ ದಾಕ್ಷಾಯಣಿ ಎಂಬ ಕಂಡಕ್ಟರ್ ಇದ್ದಳು. ಗಟ್ಟಿ ದನಿಯ ಹೆಣ್ಣುಮಗಳು. ಎಂಥ ಗದ್ದಲದ ಬಸ್ಸನ್ನೂ ಒಂದೇ ಮಾತಿನಲ್ಲಿ ಸುಮ್ಮನಾಗಿಸುವಳು. ಗಂಡ ಬಸವಂತ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಮನೆಯಲ್ಲಿ ಅವರಿಬ್ಬರು ಮತ್ತು ಅತ್ತೆ ನಿಂಗವ್ವ, ಮೂರೇ ಜನ. ಮದುವೆಯಾಗಿ ಒಂಬತ್ತು ವರ್ಷಗಳಲ್ಲಿ ಎರಡು ಸಲ ಬಸಿರಾಗಿ, ಎರಡೂ ಸಲ ಮೂರು ತಿಂಗಳು ತುಂಬುವ ಮೊದಲೇ ಹೋಗಿತ್ತು. ಈಗ ಮೂರನೆಯದು. ನಾಲ್ಕನೇ ತಿಂಗಳಿಗೆ ಬಿದ್ದಾಗ ನಿಂಗವ್ವ ನೆರೆಮನೆಗಳಿಗೆಲ್ಲ ಹೋಗಿ ಸಕ್ಕರೆ ಹಂಚಿ ಬಂದಳು.

ಆ ತಿಂಗಳಲ್ಲೇ ಒಂದು ದಿನ ಟಿಕೆಟ್ ಚೀಲದ ಪಟ್ಟಿ ಎದೆಗೆ ಒತ್ತಿದಾಗ ದಾಕ್ಷಾಯಣಿಗೆ ಚುಳಕ್ಕೆಂದಿತು. ಮನೆಗೆ ಬಂದು ಬಚ್ಚಲಿನಲ್ಲಿ ಮುಟ್ಟಿ ನೋಡಿಕೊಂಡಳು. ಎಡ ಮೊಲೆಯಲ್ಲಿ ಕಡಲೆಕಾಳಿನಷ್ಟು ಗಂಟು. ಬಸ್ ಸ್ಟ್ಯಾಂಡಿನ ಹತ್ತಿರದ ಒಬ್ಬ ಡಾಕ್ಟರರ ಬಳಿ ಹೋದಳು. ಅವರು ಮುಟ್ಟಿಯೂ ನೋಡಲಿಲ್ಲ.

“ಬಸಿರಿದ್ದಾಗ ಹಾಲಿನ ಗಂಟು ಬರ್ತಾವ ತಂಗಿ. ಹೆರಿಗಿ ಆದ ಮ್ಯಾಲೆ ಕರಗ್ತದ,” ಎಂದರು.

ಅವಳಿಗೆ ಬೇಕಾಗಿದ್ದುದೂ ಅದೇ ಮಾತು. ನಂಬಿಕೊಂಡು ಮನೆಗೆ ಬಂದಳು.

ಗಂಟು ಕರಗಲಿಲ್ಲ. ಐದನೇ ತಿಂಗಳ ಹೊತ್ತಿಗೆ ನೆಲ್ಲಿಕಾಯಿಯಷ್ಟಾಯಿತು. ಬಸುರಿಯರ ತಪಾಸಣೆಗೆ ಹೋದಾಗ ನರ್ಸಮ್ಮ ತೂಕ, ಬಿಪಿ ಎಲ್ಲ ನೋಡಿ ಕೇಳಿದಳು: “ಬೇರೆ ಏನರ ತ್ರಾಸ ಐತೇನವಾ?”

ದಾಕ್ಷಾಯಣಿಯ ನಾಲಿಗೆಯ ತುದಿಗೆ ಬಂದ ಮಾತು ಅಲ್ಲೇ ನಿಂತಿತು. ಹೇಳಿದರೆ ಪರೀಕ್ಷೆ ಮಾಡಿಸುತ್ತಾರೆ. ಕೆಟ್ಟ ರೋಗವೆಂದಾದರೆ ಮೊದಲು ಮಗುವನ್ನು ತೆಗೆಯುತ್ತಾರೆ. ಹಾಗಂತ ಅವಳಿಗೆ ಯಾರೂ ಹೇಳಿರಲಿಲ್ಲ. ತಾನೇ ಅಂದುಕೊಂಡಿದ್ದಳು, ಅಂದುಕೊಂಡದ್ದೇ ಖಾತ್ರಿಯಾಗಿಬಿಟ್ಟಿತ್ತು.

“ಏನೂ ಇಲ್ರಿ,” ಎಂದು ಎದ್ದು ಬಂದಳು. ಮರುದಿನದಿಂದ ಟಿಕೆಟ್ ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಳ್ಳತೊಡಗಿದಳು.

ಮುಚ್ಚಿಟ್ಟದ್ದು ಬಹಳ ದಿನ ನಿಲ್ಲಲಿಲ್ಲ. ಒಂದು ಗುರುವಾರ ಸೊಸೆಗೆ ಎಣ್ಣೆ ಹಚ್ಚಿ ಎರೆಯುವಾಗ ನಿಂಗವ್ವನ ಕೈ ಜಾರಿ ಗಂಟಿಗೆ ತಾಗಿತು.

“ಏನಿದು?”

“ಹಾಲಿನ ಗಂಟಂತ್ರೀ ಅತ್ತಿ.”

ನಿಂಗವ್ವ ತಂಬಿಗೆ ಕೆಳಗಿಟ್ಟಳು. ಆಕೆ ಅಂದಳು: “ನನ್ನ ತಂಗಿ ಸಿದ್ದವ್ವನೂ ಹಿಂಗ ಅಂದಿದ್ಲು. ನಾಚಿಕಿಗೆ ಯಾರಿಗೂ ತೋರಿಸಲಿಲ್ಲ. ಸೆರಗಿಗೆ ಕೀವು ಹತ್ತಿದ ಮ್ಯಾಲೆ ನಮಗ ಗೊತ್ತಾತು. ಮುಂದ ಆರು ತಿಂಗಳು ಇರಲಿಲ್ಲ ಆಕಿ. ಏಳು, ಮೈ ಒರಸ್ಕೋ. ನಾಳೆ ಹುಬ್ಬಳ್ಳಿಗೆ ಹೋಗೂನು.”

ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ಮೃಣಾಲಿನಿ ಎಂಬ ಡಾಕ್ಟರಮ್ಮ ಇದ್ದರು. ಮಗುವಿಗೆ ತೊಂದರೆಯಾಗದ ಸ್ಕ್ಯಾನ್ ಮಾಡಿಸಿದರು. ಗಂಟಿಗೆ ಸೂಜಿ ಹಾಕಿ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. “ಮುಂದಿನ ಶುಕ್ರವಾರ ಬರ್ರಿ. ತಪ್ಪಿಸಬ್ಯಾಡ್ರಿ,” ಎಂದರು.

ಆ ವಾರ ಮನೆಗೆ ಸಲಹೆಗಳು ಬಂದವು. ಸುದ್ದಿ ತಿಳಿದ ನಾದಿನಿ ಫೋನಿನಲ್ಲಿ ಅಂದಳು: “ಮೊದಲ ಮಗೀನ ತಗಸ್ರಿ. ಜೀವ ಇದ್ರ ಮತ್ತೊಂದು ಆದೀತು.” ಬಸವಂತನ ಸೋದರಮಾವ ಮನೆಗೇ ಬಂದು ಅಂದ: “ಬಸುರಿಗೆ ಅಂಥಾ ಔಷಧ ಕೊಡ್ತಾರೇನು? ಹೆರಿಗಿ ಆಗೂತನಾ ತಡೀರಿ. ದೇವರಿದ್ದಾನ.” ಬಸವಂತ ಇಬ್ಬರ ಮಾತನ್ನೂ ತಲೆಯಲ್ಲಿ ಹೊತ್ತು, ಗಿರಣಿಯಲ್ಲಿ ಒಬ್ಬರ ಜೋಳದ ಮೇಲೆ ಇನ್ನೊಬ್ಬರ ಗೋದಿ ಸುರಿದು ಬೈಸಿಕೊಂಡ.

ಬುಧವಾರ ಮಧ್ಯಾಹ್ನ, ಬಸ್ಸು ಅಣ್ಣಿಗೇರಿ ದಾಟುತ್ತಿದ್ದಾಗ, ಹೊಟ್ಟೆಯೊಳಗೆ ಮಗು ಮೊದಲ ಸಲ ಒದೆಯಿತು. ದಾಕ್ಷಾಯಣಿ ಕಂಬ ಹಿಡಿದು ನಿಂತುಬಿಟ್ಟಳು. ಹಿಂದಿನ ಎರಡೂ ಸಲ ಅವಳು ಇಲ್ಲಿಯತನಕ ಬಂದಿರಲಿಲ್ಲ. ಆ ಕ್ಷಣವೇ ನಿಶ್ಚಯಿಸಿದಳು. ಶುಕ್ರವಾರ ಆಸ್ಪತ್ರೆಗೆ ಹೋಗುವುದಿಲ್ಲ.

ಶುಕ್ರವಾರ ಬೆಳಿಗ್ಗೆ, ರಜೆ ಸಿಗಲಿಲ್ಲವೆಂದು ಗಂಡನಿಗೆ ಸುಳ್ಳು ಹೇಳಿ ಡ್ಯೂಟಿಗೆ ಹೊರಟಳು. ಬಸ್ಸು ತುಂಬಿತು. ಇನ್ನೇನು ಹೊರಡುವಾಗ ಕಂಕುಳಲ್ಲಿ ಆಸ್ಪತ್ರೆಯ ಫೈಲು ಹಿಡಿದು ನಿಂಗವ್ವ ಏದುಸಿರು ಬಿಡುತ್ತ ಹತ್ತಿದಳು. ಹೆಂಗಸರ ಉಚಿತ ಪ್ರಯಾಣಕ್ಕೆ ತೋರಿಸುವ ಆಧಾರ್ ಕಾರ್ಡು ತೆಗೆದು ಸೊಸೆಯ ಮುಂದೆ ಹಿಡಿದಳು.

“ಹುಬ್ಬಳ್ಳಿ ಎರಡು ಕೊಡು. ಒಂದು ನಂದು, ಒಂದು ನಿಂದು.”

“ನಾ ಡ್ಯೂಟಿ ಮ್ಯಾಲೆ ಇದೀನ್ರಿ ಅತ್ತಿ.”

“ಬಸ್ಸು ಅಲ್ಲಿಗೇ ಹೋಗ್ತೈತಲ್ಲ.”

ದಾಕ್ಷಾಯಣಿ ಬಗ್ಗಿ, ಅತ್ತೆಗಷ್ಟೇ ಕೇಳುವಂತೆ ಅಂದಳು: “ಹೋದ್ರ ಮಗೀನ ತಗೀತಾರ. ನಾ ಬರೂದಿಲ್ಲ.”

“ಡಾಕ್ಟರಮ್ಮ ಹಂಗ ಅಂದ್ರೇನು?”

“ಇನ್ನಾ ಅಂದಿಲ್ಲ. ಅಂತಾರ.”

“ಅವರು ಬಾಯಿ ತೆಗಿಯೂಕಿಂತ ಮೊದಲ ನೀನ ತೀರ್ಪು ಕೊಟ್ಟುಬಿಟ್ಟಿ,” ಎಂದಳು ನಿಂಗವ್ವ. “ನನಗ ಮೊಮ್ಮಗು ಬ್ಯಾಡಂತೀಯೇನು? ಸಕ್ಕರಿ ಹಂಚಿದಾಕಿ ನಾನು. ಖರೇ ಹೇಳ್ತೀನಿ, ನನಗೂ ಅಂಜಿಕಿ ಐತಿ. ಆದ್ರ ಸಿದ್ದವ್ವನ ಹೊರಸಿನ ಮಗ್ಗಲಿಗೆ ಕುಂತಾಕಿ ನಾನು. ಮತ್ತೊಮ್ಮೆ ಕುಂದ್ರಾಕ ಆಗೂದಿಲ್ಲ ನನ್ನ ಕಡಿಂದ. ಹೋಗಿ ಕೇಳೂನು. ಕೇಳಿದ ಮ್ಯಾಲೆ ನೀ ಹೆಂಗ ಅಂತಿ ಹಂಗ. ನಾ ನಿನ್ನ ಕೂಡ ಇರ್ತೀನಿ.”

ದಾಕ್ಷಾಯಣಿ ಸೀಟಿ ಊದಿ ಬಸ್ಸು ಬಿಡಿಸಿದಳು. ಹುಬ್ಬಳ್ಳಿಯವರೆಗೂ ಟಿಕೆಟ್ ಹರಿಯುತ್ತ, ಚಿಲ್ಲರೆ ಕೊಡುತ್ತ, ಅತ್ತೆಯ ಕಡೆ ನೋಡದೆ ಓಡಾಡಿದಳು. ನಿಲ್ದಾಣದಲ್ಲಿ ಎಲ್ಲರೂ ಇಳಿದ ಮೇಲೆ ಡ್ರೈವರ್ ಹಿಂತಿರುಗಿ ನೋಡಿದ. ಅತ್ತೆಯ ಮಾತು ಅವನ ಕಿವಿಗೂ ಬಿದ್ದಿರಬೇಕು. “ಹೋಗ್ರಿ ಅಕ್ಕಾರ. ನಾ ಕಂಟ್ರೋಲರ್‌ಗೆ ಹೇಳ್ತೀನಿ,” ಎಂದ. ಆಗ ಅವಳು ಚೀಲ ಇಳಿಸಿ ಅತ್ತೆಯ ಕೈ ಹಿಡಿದಳು. ಅವರು ಆಸ್ಪತ್ರೆ ಮುಟ್ಟುವಷ್ಟರಲ್ಲಿ, ತಾಯಿಯ ಫೋನು ಬಂದ ಕೂಡಲೇ ಬಸವಂತನೂ ಗಿರಣಿಗೆ ಬೀಗ ಹಾಕಿ, ಮೈಮೇಲಿನ ಹಿಟ್ಟನ್ನೂ ಕೊಡವದೆ ಬೈಕಿನಲ್ಲಿ ಬಂದು ನಿಂತಿದ್ದ.

ಮೃಣಾಲಿನಿ ಸುತ್ತಿಬಳಸಿ ಹೇಳಲಿಲ್ಲ. “ಕ್ಯಾನ್ಸರ್ ಅದ. ಕಂಕುಳಿನ ಒಂದು ಗ್ರಂಥಿಗೂ ಹಬ್ಬೇದ.”

ದಾಕ್ಷಾಯಣಿ ಎರಡೂ ಕೈಗಳಿಂದ ಹೊಟ್ಟೆಯನ್ನು ಅಪ್ಪಿ ಹಿಡಿದಳು. “ಮಗು ತಗೀಬೇಕೇನ್ರಿ?”

“ಯಾರು ಹೇಳಿದ್ರು ನಿಮಗ?”

ದಾಕ್ಷಾಯಣಿ ಅತ್ತೆಯ ಕಡೆ ತಿರುಗಿದಳು.

“ಕೇಳ್ರಿ,” ಎಂದರು ಡಾಕ್ಟರಮ್ಮ. “ನಿಮಗ ಐದು ತಿಂಗಳು ತುಂಬ್ಯಾವ. ಈಗ ಆಪರೇಷನ್ ಮಾಡಬಹುದು. ಮೂರು ತಿಂಗಳು ದಾಟಿದ ಬಸಿರಿನಾಗ ಕೊಡಬಹುದಾದ ಕಿಮೋ ಔಷಧಗಳು ಅದಾವ, ಅವನ್ನ ಕೊಡ್ತೀವಿ. ಹೆರಿಗಿ ಹತ್ತಿರ ಬಂದಾಗ ನಿಲ್ಲಸ್ತೀವಿ. ಕರೆಂಟ್, ಅಂದ್ರ ರೇಡಿಯೇಷನ್, ಕೊಡೂದು ಹೆರಿಗಿ ಆದ ಮ್ಯಾಲೆ. ಅಲ್ಲೀತನಕ ಹೆರಿಗಿ ಡಾಕ್ಟರ್ ಮಗೀನ ನೋಡ್ಕೋತ ಇರ್ತಾರ. ನೂರಕ್ಕ ನೂರು ಅಂತ ನಾ ಮಾತು ಕೊಡೂದಿಲ್ಲ. ಆದ್ರ ಇಬ್ಬರನ್ನೂ ಉಳಿಸಿಕೊಂಡ ತಾಯಂದ್ರನ್ನ ನಾ ನೋಡೀನಿ.”

“ನಾ ಒಂದು ತಿಂಗಳು ಮೊದಲ ಬಂದಿದ್ರ?”

“ಗಂಟು ಸಣ್ಣದಿರ್ತಿತ್ತು. ಕಂಕುಳಿಗೆ ಹಬ್ಬತಿರಲಿಲ್ಲೋ ಏನೋ. ಅದನ್ನ ಈಗ ಹೇಳೂದು ಕಷ್ಟ.”

“ಹೆರಿಗಿ ಆಗೂತನಾ ತಡದಿದ್ರ?”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. “ಹೆತ್ತ ಕೂಸನ್ನ ಬೆಳಸೂದು ಯಾರಿಗೆ ಬಿಡ್ತಿದ್ರಿ?”

ದಾಕ್ಷಾಯಣಿ ಗಂಡನ ಮುಖ ನೋಡಿದಳು. ಬಸವಂತ, “ನೀ ಹೆಂಗ ಅಂತಿ ಹಂಗ,” ಎಂದು ತಲೆ ತಗ್ಗಿಸಿ ಅತ್ತುಬಿಟ್ಟ. ಅವಳು ಕಾಗದ ಎಳೆದುಕೊಂಡು ಸಹಿ ಮಾಡಿದಳು.

ಆಪರೇಷನ್ ಮಾಡಿ ಎಡ ಮೊಲೆಯನ್ನು ತೆಗೆದರು. ಎಚ್ಚರವಾದಾಗ ಅವಳು ಎದೆ ಮುಟ್ಟಿ ನೋಡಿಕೊಳ್ಳಲಿಲ್ಲ, ಹೊಟ್ಟೆ ಮುಟ್ಟಿಕೊಂಡಳು. ಒಳಗೆ ಅಲುಗಾಟವಿರಲಿಲ್ಲ. ನರ್ಸು ಯಂತ್ರ ತಂದು ಹೊಟ್ಟೆಯ ಮೇಲೆ ಇಟ್ಟಳು. ಮೊದಲು ಬರೀ ಗರಗರ ಸದ್ದು. ನರ್ಸು ಜಾಗ ಬದಲಿಸಿದಳು. ಮತ್ತೆ ಬದಲಿಸಿದಳು. ನಿಂಗವ್ವ ಕಣ್ಣು ಮುಚ್ಚಿಕೊಂಡಳು. ಆಮೇಲೆ ಗಿರಣಿಯ ಪಟ್ಟಿ ಓಡಿದ ಹಾಗೆ ಟಪಟಪಟಪ ಎಂದು ಮಗುವಿನ ಎದೆಬಡಿತ ಕೋಣೆ ತುಂಬಿತು.

ಮೂರು ವಾರಕ್ಕೊಮ್ಮೆ ಕಿಮೋ. ಕೂದಲು ಹೋಯಿತು. ಬಾಯಲ್ಲಿ ಹುಣ್ಣೆದ್ದು ನೀರು ಕುಡಿಯುವುದೂ ಕಷ್ಟವಾಯಿತು. ಪ್ರತಿ ಸಲ ಸ್ಕ್ಯಾನಿಗೆ ಮಲಗಿದಾಗ ಅವಳು ಡಾಕ್ಟರರ ಹುಬ್ಬನ್ನೇ ನೋಡುತ್ತಿದ್ದಳು. ಹುಬ್ಬು ಗಂಟಿಕ್ಕದಿದ್ದರೆ ಉಸಿರು ಬಿಡುತ್ತಿದ್ದಳು. ಒಮ್ಮೆ ಗಂಟಿಕ್ಕಿತು. ಮಗುವಿನ ತೂಕ ಏರಿರಲಿಲ್ಲ. ಎರಡು ವಾರ ಆಸ್ಪತ್ರೆಯಲ್ಲೇ ಉಳಿದಳು. ಊಟ ಸೇರದಿದ್ದರೂ ಅತ್ತೆ ಕಲಸಿ ಕೊಟ್ಟ ತುತ್ತುಗಳನ್ನು ಕಣ್ಣೀರು ಒರೆಸಿಕೊಂಡು ನುಂಗಿದಳು. ತೂಕ ಏರಿತು.

ಒಂಬತ್ತನೇ ತಿಂಗಳ ಮೊದಲಿಗೇ ಹೆರಿಗೆ ಮಾಡಿಸಿದರು. ಹೆಣ್ಣು ಕೂಸು, ಎರಡು ಕೇಜಿ ಮುನ್ನೂರು ಗ್ರಾಂ. ತಲೆ ತುಂಬ ಕಪ್ಪು ಕೂದಲು. ಔಷಧ ಮತ್ತೆ ಶುರುವಾಗಬೇಕಿದ್ದರಿಂದ ದಾಕ್ಷಾಯಣಿ ಹಾಲೂಡಿಸುವಂತಿರಲಿಲ್ಲ. ಅದೊಂದೇ ವಿಷಯಕ್ಕೆ ಅವಳು ಬಿಕ್ಕಿ ಬಿಕ್ಕಿ ಅತ್ತಳು. ಡಾಕ್ಟರು ಹೇಳಿದ ಪುಡಿ ಹಾಲನ್ನು ನಿಂಗವ್ವ ಒಳಲೆಯಲ್ಲಿ ಕುಡಿಸಿದಳು.

ಇನ್ನಷ್ಟು ಕಿಮೋ, ಆಮೇಲೆ ಕರೆಂಟು. ಎಲ್ಲ ಮುಗಿಯುವಾಗ ಕೂಸಿಗೆ ಏಳು ತಿಂಗಳು. “ಸದ್ಯ ರೋಗದ ಗುರುತಿಲ್ಲ. ಆದ್ರ ಮಾತ್ರೆ ಬಿಡಬ್ಯಾಡ್ರಿ, ಮೂರು ತಿಂಗಳಿಗೊಮ್ಮೆ ತೋರಸ್ರಿ,” ಎಂದರು ಮೃಣಾಲಿನಿ.

ಅಂದು ಮನೆಗೆ ಬಂದು ಅವಳು ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಕೂಸು ಎರಡೂ ಕೈ ಚಾಚಿ ಅವಳ ತಲೆಗೆ ಸುತ್ತಿದ್ದ ಬಟ್ಟೆಯನ್ನು ಎಳೆದುಹಾಕಿತು. ಆಗಷ್ಟೇ ಚಿಗುರುತ್ತಿದ್ದ ಮೊಳಕೆ ಕೂದಲಿನ ಮೇಲೆ ಅಂಗೈ ಆಡಿಸಿತು. ಅದು ಚುಚ್ಚಿತೋ, ಕಚಗುಳಿ ಇಟ್ಟಿತೋ, ಕೇಕೆ ಹಾಕಿ ನಕ್ಕಿತು. ಮತ್ತೆ ಆಡಿಸಿತು, ಮತ್ತೆ ನಕ್ಕಿತು. ದಾಕ್ಷಾಯಣಿ ತಲೆಯನ್ನು ಇನ್ನಷ್ಟು ಬಗ್ಗಿಸಿ ಕೊಟ್ಟಳು.

ನೀತಿ: ಅಂಜಿ ಮುಚ್ಚಿಟ್ಟ ಬೇನೆ ಒಳಗೊಳಗೇ ಬೆಳೆಯುತ್ತದೆ. ತಿಳಿದವರನ್ನು ಕೇಳುವ ಮೊದಲೇ ಭಯದ ಮಾತು ಕೇಳಿ ತೀರ್ಮಾನಿಸಬೇಡಿ. ಹೇಳಿಕೊಂಡವರಿಗೆ ದಾರಿ ಸಿಕ್ಕೀತು, ಜೊತೆಗೆ ನಡೆಯುವವರೂ ಸಿಕ್ಕಾರು.