ಏಳು ಇಲ್ಲದ ಊರು

ಒಂದಾನೊಂದು ಊರಿನಲ್ಲಿ ಏಳು ಅನ್ನುವ ಮಾತೇ ಇರಲಿಲ್ಲ. ಆರು ಇತ್ತು, ಎಂಟು ಇತ್ತು. ನಡುವೆ ಇರಬೇಕಾದ್ದು ಇರಲಿಲ್ಲ.

ಯಾಕೆ ಅಂದರೆ, ಆ ಊರಿನ ರಾಜನಿಗೆ ಸಿಂಹಾಸನ ಅಂದರೆ ಪ್ರಾಣ. ಒಂದು ದಿನ ಅಡುಗೆಯವನು ಹೋಳಿಗೆ ಎಣಿಸುತ್ತಾ "ಐದು, ಆರು, ಏಳು" ಅಂದ. ರಾಜ ಬೆಚ್ಚಿಬಿದ್ದ.

"ನನಗೇ ಏಳು ಅಂತೀಯೇನೋ? ನಾನೆದ್ದರೆ ಇಲ್ಲಿ ಯಾರನ್ನು ಕೂರಿಸಬೇಕು ಅಂತಿದ್ದೀಯ?"

ಅವತ್ತೇ ಡಂಗುರ ಹೊಡೆಸಿದ. ಇನ್ನು ಯಾರೂ ಏಳು ಅನ್ನಕೂಡದು. ಎಣಿಸುವಾಗ ಆ ಜಾಗದಲ್ಲಿ 'ಇನ್ನೊಂದು' ಅನ್ನಬೇಕು.

ಜನ ಒಗ್ಗಿಕೊಂಡರು. ವಾರಕ್ಕೆ ಆರು ದಿನ ಮತ್ತು ಇನ್ನೊಂದು. ಮಲಗಿದ ಮಕ್ಕಳಿಗೆ "ಮಲಗಿದ್ದು ಸಾಕು" ಅನ್ನುತ್ತಿದ್ದರು. ಸಪ್ತಋಷಿಗಳಿಗೆ ಮಾತ್ರ ತೊಂದರೆಯಾಗಲಿಲ್ಲ. ರಾಜನಿಗೆ ಸಂಸ್ಕೃತ ಬರುತ್ತಿರಲಿಲ್ಲ.

ಆ ಊರಲ್ಲಿ ಗವಿಸಿದ್ದಪ್ಪ ಶೆಟ್ಟರು ಅಂತ ದಿನಸಿ ವ್ಯಾಪಾರಿ. ಅವರ ಮೊಬೈಲು ಗಲ್ಲಾ ಪೆಟ್ಟಿಗೆಯ ಮೇಲೆ ಕೂತು, ಶೆಟ್ಟರು ಅಕ್ಕಿ ಅಳೆಯುವುದನ್ನು ಕೇಳಿ ಕೇಳಿ ಎಣಿಕೆ ಕಲಿಯಿತು. ಆಮೇಲೆ ಅದು ಮೀಸೆ ಚಿಗುರುತ್ತಿದ್ದ ಅವರ ಮಗ ಪಂಪಣ್ಣನ ಕೈ ಸೇರಿತು. ಅವನನ್ನು ಆಟ ಆಡಿಸಿತು. "ಐದನೇ ಆಟ. ಆರನೇ ಆಟ. ಇನ್ನೊಂದು." ಮುಂದೆ ಎಂಟು ಅನ್ನಬೇಕಿತ್ತು. ಮೊಬೈಲು ಯೋಚಿಸಿತು: ಇನ್ನೊಂದು ಆದಮೇಲೆ ಇನ್ನೊಂದೇ ಬರಬೇಕಲ್ಲ, ಎಂಟು ಎಲ್ಲಿಂದ ಬಂತು?

"ಇನ್ನೊಂದು," ಅಂದಿತು. "ಇನ್ನೊಂದು. ಇನ್ನೊಂದು."

ಪಂಪಣ್ಣ ಅಂಗಡಿ ಮುಂದಿನ ಬೆಂಚಿನ ಮೇಲೆ ಕೂತವನು ಕೂತೇಬಿಟ್ಟ. ಪಕ್ಕದಲ್ಲಿ ಎದುರುಮನೆ ರಜಿಯಾ, ಅವಳ ಪಕ್ಕ ಬೀದಿಯ ಉಳಿದ ಹುಡುಗರು. ಎಲ್ಲರ ಕೈಯಲ್ಲೂ ಒಂದೊಂದು ಮೊಬೈಲು. ಎಲ್ಲವೂ ಒಂದೇ ಪಾಠ ಕಲಿತವು.

ಒಂದು ಬೆಳಿಗ್ಗೆ ಬೆಂಚು ಶೆಟ್ಟರನ್ನು ಕರೆಯಿತು.

"ಶೆಟ್ಟರೇ, ನನ್ನ ಒಂದು ಕಾಲು ಮುರಿದು ಬಹಳ ಕಾಲವಾಯಿತು. ನೀವು ಬಡಗಿಯನ್ನು ಕರೆಸಲಿಲ್ಲ, ಒಂದು ಚಪ್ಪಟೆ ಕಲ್ಲು ಕೊಟ್ಟು ಸುಮ್ಮನಾದಿರಿ. ನಿಮ್ಮ ಮಗ ಈಗ ಮಂಡಿವರೆಗೆ ಮರವಾಗಿದ್ದಾನೆ. ಅಮಾವಾಸ್ಯೆಗೆ ಪೂರ್ತಿ ಆಗ್ತಾನೆ. ಅವನನ್ನೇ ಕಾಲು ಮಾಡಿಕೊಳ್ತೀನಿ."

ಶೆಟ್ಟರು ಮಗನ ಕಾಲು ತಟ್ಟಿ ನೋಡಿದರು. ಟಕ್ ಟಕ್ ಅಂದಿತು. ಒಳ್ಳೆ ತೇಗ. ಬೇರೆಯವರ ಮಗನಾಗಿದ್ದರೆ ಮೆಚ್ಚಿಕೊಳ್ಳುತ್ತಿದ್ದರು.

"ಪಂಪಣ್ಣಾ, ಕೂತಿದ್ದು ಸಾಕು," ಅಂದರು.

"ಇನ್ನೊಂದೇ ಅಪ್ಪಾ. ನಾನೊಬ್ಬನೇ ಹೋದರೆ ರಜಿಯಾ ನಗ್ತಾಳೆ."

"ನಾನು ಹೋದರೆ ಪಂಪಣ್ಣ ನಗ್ತಾನೆ," ಅಂದಳು ರಜಿಯಾ, ತಲೆ ಎತ್ತದೆ.

ಗಿರಾಕಿ ಎದುರಂಗಡಿಗೆ ಹೋದರೆ ಗಿರಾಕಿಗೆ ಬೈದು ಉಪಯೋಗವಿಲ್ಲ, ಅಲ್ಲಿ ಯಾವ ಸರಕು ಇದೆ ಅಂತ ನೋಡಬೇಕು. ಶೆಟ್ಟರಿಗೆ ಇದು ಗೊತ್ತಿತ್ತು. ಮೊಬೈಲನ್ನೇ ಕೇಳಿದರು.

"ಇವನಿಗೆ ನೀನು ಏನು ಕೊಡ್ತೀಯಪ್ಪ?"

"ಶಭಾಷ್ ಕೊಡ್ತೀನಿ ಶೆಟ್ಟರೇ. ಗೆದ್ದರೆ ಶಭಾಷ್. ಸೋತರೆ ಪರವಾಗಿಲ್ಲ, ಮತ್ತೆ ಬಾ ಅಂತೀನಿ. ನಿಮ್ಮಲ್ಲಿ ಆ ಸರಕು ಇದೆಯಾ?"

ಶೆಟ್ಟರು ಒಳಗೆ ಹೋಗಿ ಹುಡುಕಿದರು. ಬೇಳೆ ಇತ್ತು, ಬೆಲ್ಲ ಇತ್ತು, ಹುಣಸೆಹಣ್ಣು ಇತ್ತು. ಶಭಾಷ್ ಒಂದು ಚೂರೂ ಇರಲಿಲ್ಲ. ಬೈಗುಳ ಮಾತ್ರ ಅಟ್ಟದ ತನಕ ತುಂಬಿತ್ತು. ಅದನ್ನು ಪುಕ್ಕಟೆ ಕೊಟ್ಟರೂ ಯಾರು ಒಯ್ಯುತ್ತಾರೆ?

ಶೆಟ್ಟರು ಹೊರಗೆ ಬಂದರು. ಬೀದಿಯಲ್ಲಿ ಬಿದ್ದಿದ್ದ ಚಪ್ಪಟೆ ಕಲ್ಲುಗಳನ್ನು ಆಯ್ದು, ಬೆಂಚಿನ ಎದುರಿಗೇ ಲಗೋರಿ ಜೋಡಿಸತೊಡಗಿದರು. ಏಳು ಹೋದಾಗಿನಿಂದ ಆ ಊರಲ್ಲಿ ಲಗೋರಿಯೂ ನಿಂತುಹೋಗಿತ್ತು. ಶೆಟ್ಟರಿಗೆ ಆಟ ಮರೆತಿತ್ತು. ಚಿಕ್ಕ ಕಲ್ಲಿನ ಮೇಲೆ ದೊಡ್ಡದನ್ನಿಟ್ಟರು. ಬಿತ್ತು. ಮತ್ತೆ ಇಟ್ಟರು. ಮತ್ತೆ ಬಿತ್ತು.

ಪಂಪಣ್ಣ ಓರೆಗಣ್ಣಲ್ಲಿ ನೋಡಿದ. ತಡೆಯಲಾಗಲಿಲ್ಲ.

"ಅಪ್ಪಾ, ದೊಡ್ಡದು ಕೆಳಗೆ."

"ಹೌದಲ್ವೋ? ಶಭಾಷ್," ಅಂದರು ಶೆಟ್ಟರು. ಹೊಸ ಮಾಲು, ಬಾಯಿ ಸ್ವಲ್ಪ ತೊದಲಿತು.

ಟಕ್ ಅಂತ ಸದ್ದಾಯಿತು. ಪಂಪಣ್ಣನ ಕಾಲಿನ ಹೆಬ್ಬೆರಳು ಅಲುಗಾಡಿತ್ತು.

"ಅದಲ್ಲ ಅಂಕಲ್, ಆ ಸೊಟ್ಟ ಕಲ್ಲು," ಅಂದಳು ರಜಿಯಾ.

"ನೀನೂ ಶಭಾಷ್ ಕಣಮ್ಮ."

"ಮೂರು," ಅಂದರು ಹುಡುಗರು. "ನಾಲ್ಕು. ಐದು. ಆರು." ಅಲ್ಲಿಗೆ ಬೀದಿಯಲ್ಲಿ ಕಲ್ಲು ಮುಗಿಯಿತು.

"ಇನ್ನೊಂದು," ಅಂದಿತು ಮೊಬೈಲು, ಆಸೆಯಿಂದ.

"ಅದೆಲ್ಲಿದೆಯಪ್ಪ?" ಅಂದರು ಶೆಟ್ಟರು. ಅವರಿಗೆ ಗೊತ್ತಿತ್ತು. ವ್ಯಾಪಾರಿ ಎಲ್ಲವನ್ನೂ ತಾನೇ ಹೇಳುವುದಿಲ್ಲ.

ಪಂಪಣ್ಣ ಬಗ್ಗಿ ನೋಡಿದ. ಬೆಂಚಿನ ಮುರಿದ ಕಾಲಿನ ಕೆಳಗೆ ಚಪ್ಪಟೆ ಕಲ್ಲು. ಖುಷಿಗೆ ರಾಜಾಜ್ಞೆ ಮರೆತೇಹೋಯಿತು.

"ಇಲ್ಲಿದೆ, ಏಳು," ಅಂದ.

ಅಂದವನು ತಾನೇ ಕೇಳಿಸಿಕೊಂಡ. ಕೇಳಿಸಿಕೊಂಡವನು ಎದ್ದ. ಅವನೆದ್ದ ಅಂತ ರಜಿಯಾ ಎದ್ದಳು, ಅವಳೆದ್ದಳು ಅಂತ ಉಳಿದವರು ಎದ್ದರು. ನಗಲು ಕೂತವರು ಯಾರೂ ಉಳಿಯಲಿಲ್ಲ. ಕಲ್ಲು ಕಳೆದುಕೊಂಡ ಬೆಂಚು ಪಕ್ಕಕ್ಕೆ ಉರುಳಿತು.

ಆ ಮಾತು ಬೀದಿ ದಾಟಿ ಅರಮನೆಗೂ ಹೋಯಿತು. ರಾಜ ಬೆಚ್ಚಿ ಎದ್ದುನಿಂತ. ಸಿಂಹಾಸನದ ಮೇಲೆ ಯಾರೂ ಬಂದು ಕೂರಲಿಲ್ಲ, ಎಲ್ಲರೂ ಲಗೋರಿ ನೋಡಲು ಹೋಗಿದ್ದರು. ರಾಜ ಕಾಯ್ದು ಕಾಯ್ದು ತಾನೂ ಬಂದ. "ನನ್ನನ್ನು ಯಾವ ಕಡೆಗೆ ಹಾಕ್ಕೊಳ್ತೀರಿ?" ಅಂದ.

ಪಂಪಣ್ಣನ ಕಾಲು ಕೆಲವು ದಿನ ಟಕ್ ಟಕ್ ಅನ್ನುತ್ತಿತ್ತು. ಆಮೇಲೆ ಚೆಂಡಿನ ಹಿಂದೆ ಓಡಿ ಓಡಿ ಮೆತ್ತಗಾಯಿತು. ಮೊಬೈಲು ಎಣಿಕೆ ತಿದ್ದಿಕೊಂಡಿತು. ಆಗಾಗ ಮರೆತು ಇನ್ನೊಂದು ಅನ್ನುತ್ತದೆ. ಆಗ ಶೆಟ್ಟರು ಬೈಯುವುದಿಲ್ಲ, ಹೊರಗೆ ಹೋಗಿ ಚಿಕ್ಕ ಕಲ್ಲಿನ ಮೇಲೆ ದೊಡ್ಡದನ್ನು ಇಡುತ್ತಾರೆ.

ನೀತಿ ಏನಪ್ಪಾ ಅಂದರೆ, ಬೆಂಚಿನ ಕಾಲು ಮುರಿದರೆ ಕೂಡಲೇ ಬಡಗಿಯನ್ನು ಕರೆಸಿ. ಇಲ್ಲದಿದ್ದರೆ ಅದು ನಿಮ್ಮ ಮಕ್ಕಳ ಕಾಲಿಗೆ ಕಣ್ಣು ಹಾಕುತ್ತದೆ.

ಕತೆ ಅಲ್ಲಿಗೆ, ನಾವು ಇಲ್ಲಿಗೆ. ಇನ್ನೊಂದು ಹೇಳು ಅಂತ ಮಾತ್ರ ಕೇಳಬೇಡಿ.

ಏಳಿ.